ಹೆಣ್ಣು ಹೊಲವಲ್ಲ

ಹೋದ ಮಳೆಗಾಲದಲ್ಲಿ ಶಿವಮೊಗ್ಗದಲ್ಲೊಂದು ಕವಿಗೋಷ್ಠಿ ಇತ್ತು. ನಾನೂ ಒಂದು ಕವಿತೆ ಓದಿದೆ. ಗಾರೆ ಕೆಲಸ ಮುಗಿಸಿ ಬಂದ ಹೆಂಗಸೊಬ್ಬಳು ರಾತ್ರಿ ಗಂಡ ಮಗ್ಗುಲು ಬದಲಿಸಿ ಗೊರಕೆ ಹೊಡೆಯುವಾಗ, ‘ಇದರಾಗೆ ನಂಗೇನು ಸಿಕ್ತು’ ಎಂದು ತನ್ನನ್ನೇ ಕೇಳಿಕೊಳ್ಳುವ ಕವಿತೆ. ಓದಿ ಮುಗಿಸಿದಾಗ ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ಹಿರಿಯ ಸಂಗಾತಿಯೊಬ್ಬರು ಕೂತಿದ್ದರು. ಹೋರಾಟದಲ್ಲಿ ಲಾಠಿ ಏಟು ತಿಂದವರು, ಜೈಲು ಕಂಡವರು. ಟೀ ಕುಡಿಯುವ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು, “ನೋಡು ತಂಗಿ, ನಿನ್ ಭಾಷೆ ಚೆನ್ನಾಗೈತೆ. ಆದ್ರೆ ಹೊಟ್ಟೆಗಿಲ್ದೋರ ಮಧ್ಯೆ ನಿಂತ್ಕಂಡು ಇಂಥದ್ದು ಬರೀಬೇಕೇನಮ್ಮ? ಇದೆಲ್ಲ ಹೊಟ್ಟೆ ತುಂಬಿದೋರ ಚಿಂತೆ ಅಲ್ವೇ?” ಎಂದರು.

ಬೈದು ಹೇಳಿದ್ದರೆ ನಾನೂ ಎದುರು ಮಾತಾಡಿ ಮರೆತುಬಿಡುತ್ತಿದ್ದೆ. ಅವರು ಪ್ರೀತಿಯಿಂದಲೇ ಕೇಳಿದ್ದರು. ಹಾಗಾಗಿ ಭದ್ರಾವತಿ ಬಸ್ಸು ಹತ್ತಿದ ಮೇಲೂ ಆ ಮಾತು ಬಿಡಲಿಲ್ಲ. ಈ ಲೇಖನ ಅವರಿಗೆ ನಾನು ಕೊಡುವ ಉತ್ತರ. ಇದೇ ಪ್ರಶ್ನೆಯನ್ನು ಮನಸ್ಸಿನೊಳಗೇ ಇಟ್ಟುಕೊಂಡಿರುವ ನಮ್ಮ ಉಳಿದ ಗೆಳೆಯರಿಗೂ ಹೌದು.

ಹೆಣ್ಣಿನ ಮೈ ಹೇಗೆ ಉದ್ರೇಕಗೊಳ್ಳುತ್ತದೆ, ಅವಳ ಸುಖದ ತುದಿ ಎಲ್ಲಿದೆ ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದೇನಲ್ಲ. ಶಾಸ್ತ್ರಕಾರರು ಇದನ್ನು ಕೇಳಿದ್ದಾರೆ. ಕಾದಂಬರಿಕಾರರು, ನಾಟಕಕಾರರು ಮುಟ್ಟಿದ್ದಾರೆ. ಆದರೆ ಯಾರ ಹತ್ತಿರ ಕೇಳಿದ್ದಾರೆ? ನಾನು ಓದಿದಷ್ಟರಲ್ಲಿ ಹೆಚ್ಚಿನವರು ಹೆಣ್ಣನ್ನು ಹೊಲ ಎಂದು ನೋಡಿದ್ದಾರೆ. ಹೊಲ ಫಲ ಕೊಟ್ಟಿತೇ, ಅದರ ಒಡೆಯ ಯಾರು ಎಂದು ಕೇಳಿದ್ದಾರೆ. ಉತ್ತು ಮುಗಿಸಿದ ಮೇಲೆ ‘ನಿನಗೆ ಹಿತವಾಯ್ತಾ’ ಎಂದು ಹೊಲವನ್ನು ಯಾರು ಕೇಳುತ್ತಾರೆ?

*

ಹೊಲದ ಈ ಮಾತು ಎಲ್ಲಿಯದು ಎಂದು ಹುಡುಕಿದರೆ ದೂರ ಹೋಗಬೇಕಾಗಿಲ್ಲ. ಮನುಸ್ಮೃತಿಯ 9ನೇ ಅಧ್ಯಾಯದಲ್ಲಿ ಹೆಣ್ಣು ಕ್ಷೇತ್ರ, ಗಂಡು ಬೀಜ. ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ, ಇನ್ನೊಬ್ಬನ ಹೊಲದಲ್ಲಿ ಬಿತ್ತಿದರೆ ಬೆಳೆ ಯಾರ ಪಾಲಿಗೆ ಎಂದು ಅಲ್ಲಿ ಉದ್ದಕ್ಕೂ ಚರ್ಚೆ ನಡೆಯುತ್ತದೆ. ಫಸಲಿನ ಲೆಕ್ಕ ಇದೆ, ಒಡೆತನದ ಲೆಕ್ಕ ಇದೆ. ಅವಳ ಸುಖದ ಲೆಕ್ಕ ಆ ಚರ್ಚೆಯಲ್ಲಿಲ್ಲ.

1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಆ ಪುಸ್ತಕವನ್ನು ಸುಟ್ಟರು. ಪುಸ್ತಕ ಸುಟ್ಟಿತು, ಅದರ ರೂಪಕ ಸುಡಲಿಲ್ಲ. ಅದು ಮೆಲ್ಲಗೆ ನಡೆದುಬಂದು ನಮ್ಮ ಕವಿತೆಗಳಲ್ಲೇ ಕೂತುಕೊಂಡಿದೆ.

ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯ ಲಂಕೇಶರು ‘ಅವ್ವ’ ಬರೆದಾಗ ಕನ್ನಡ ಕಾವ್ಯದಲ್ಲಿ ತಾಯಿಗೆ ಕಟ್ಟಿದ್ದ ಮಂಟಪ ಬಿದ್ದುಹೋಯಿತು. ದುಡಿಯುವ, ಜಗಳವಾಡುವ, ಹೊಟ್ಟೆಪಾಡಿನ ಹೆಂಗಸು ಕಾವ್ಯಕ್ಕೆ ಬಂದಳು. ಅದು ದೊಡ್ಡ ಕೆಲಸ. ಆದರೆ ಆ ಅವ್ವನೂ ನೆಲವೇ ಆಗಿದ್ದಾಳೆ. ಆಮೇಲೆ ಬಂದ ನಾವೆಲ್ಲ ಆ ಕವಿತೆಯ ಧೈರ್ಯ ಬಿಟ್ಟು ನೆಲವನ್ನು ಮಾತ್ರ ಹಿಡಿದುಕೊಂಡೆವು. ಬೇರೆಯವರ ಮಾತೇಕೆ, ಕಾಲೇಜಿನಲ್ಲಿ ಅಚ್ಚಾದ ನನ್ನ ಮೊದಲ ಕವಿತೆಯಲ್ಲೇ ನನ್ನವ್ವ ಕೆಂಪು ಮಣ್ಣಾಗಿದ್ದಾಳೆ. ಅವ್ವನಿಗೆ ಓದಿ ಹೇಳಿದೆ. “ಮಣ್ಣು ಯಾಕಾಗ್ಲೇ ನಾನು? ಮಣ್ಣು ಹೊತ್ತಿದ್ದು ಸಾಲ್ದಾ?” ಎಂದು ನಕ್ಕಳು. ನನ್ನ ಕವಿತೆಗೆ ಇಷ್ಟು ಸರಿಯಾದ ವಿಮರ್ಶೆ ಇನ್ನೊಂದು ಬಂದಿಲ್ಲ.

*

“ಹಾಗಾದರೆ ನಮ್ಮ ಕಾಮಶಾಸ್ತ್ರ ಇದೆಯಲ್ಲ, ಪಾಶ್ಚಾತ್ಯರು ಕಣ್ಣು ಬಿಡುವ ಮೊದಲೇ ನಮ್ಮವರು ಇದನ್ನೆಲ್ಲ ಬರೆದಿಟ್ಟಿದ್ದಾರೆ” ಎಂದು ಎದೆಯುಬ್ಬಿಸುವವರಿದ್ದಾರೆ. ಬರೆದಿದ್ದಾರೆ, ಸುಳ್ಳಲ್ಲ. ಕನ್ನಡದಲ್ಲೇ 11ನೇ ಶತಮಾನದ ಚಂದ್ರರಾಜನ ‘ಮದನತಿಲಕ’ ಇದೆ, 15ನೇ ಶತಮಾನದ ಕಲ್ಲರಸನ ‘ಜನವಶ್ಯ’ ಇದೆ. ಸಂಸ್ಕೃತದ ಕೊಕ್ಕೋಕ ‘ರತಿರಹಸ್ಯ’ದಲ್ಲಿ ಹೆಂಗಸರನ್ನು ಪದ್ಮಿನಿ, ಚಿತ್ತಿನಿ, ಶಂಖಿನಿ, ಹಸ್ತಿನಿ ಎಂದು ನಾಲ್ಕು ಜಾತಿ ಮಾಡಿದ. ದನದ ಜಾತ್ರೆಯಲ್ಲಿ ಸುಳಿ ನೋಡಿ, ಹಲ್ಲು ನೋಡಿ ಬೆಲೆ ಕಟ್ಟುತ್ತಾರಲ್ಲ, ಹಾಗೆ.

ಇವರೆಲ್ಲರಿಗಿಂತ ಹಿಂದಿನ ವಾತ್ಸ್ಯಾಯನ ಮಾತ್ರ ಒಂದು ನಿಜವಾದ ಪ್ರಶ್ನೆ ಎತ್ತಿದ. ಹೆಣ್ಣಿಗೂ ಗಂಡಿನ ಹಾಗೆ ಸುಖದ ತುದಿ ಮುಟ್ಟುವುದುಂಟೇ? ಔದ್ದಾಲಕಿ ಎಂಬವನು ಇಲ್ಲ ಎಂದ. ಬಾಭ್ರವ್ಯನ ಕಡೆಯವರು, ಗಂಡಿಗೆ ಕೊನೆಯಲ್ಲಿ ಸುಖ, ಹೆಣ್ಣಿಗೆ ಮೊದಲಿಂದ ಕೊನೆಯವರೆಗೂ ಸುಖ ಎಂದರು. ವಾತ್ಸ್ಯಾಯನ ಎರಡನ್ನೂ ಒಪ್ಪದೆ, ಇಬ್ಬರೂ ಒಂದೇ ಮನುಷ್ಯಜಾತಿಯವರಾದ್ದರಿಂದ ಇಬ್ಬರ ಸುಖವೂ ಒಂದೇ ಬಗೆಯದು ಎಂದ. ಅಲ್ಲಿಗೇ ನಿಲ್ಲದೆ, ಹೆಣ್ಣು ಮೊದಲು ತೃಪ್ತಿ ಹೊಂದುವಂತೆ ಗಂಡು ಅವಳಿಗೆ ಉಪಚಾರ ಮಾಡಬೇಕು ಎಂದೂ ಹೇಳಿದ. ಉಪಚಾರ ಎಂದರೆ ಮಾತು, ಮುಟ್ಟುವಿಕೆ, ಮುದ್ದು, ಸಾವಧಾನ. ಅಷ್ಟು ಹಳೆಯ ಕಾಲಕ್ಕೆ ಇದು ದೊಡ್ಡ ಮಾತೇ. ವಾದ ಮಾಡಿದವರೆಲ್ಲ ಗಂಡಸರು ಎನ್ನುವುದನ್ನು ಸದ್ಯಕ್ಕೆ ಬದಿಗಿಡೋಣ.

ಅದೇ ಪುಸ್ತಕದ ಅದೇ ಭಾಗದಲ್ಲಿ ಇನ್ನೂ ಕೆಲವು ಪುಟ ತಿರುವಿ. ತನಗಿಂತ ಕೆಳಗಿನವಳಾದ ನೀರು ಹೊರುವ ದಾಸಿಯ ಜೊತೆ, ಮನೆಗೆಲಸದವಳ ಜೊತೆ ಗಂಡಸು ತನ್ನ ಅಗತ್ಯ ತೀರುವಷ್ಟು ಕೂಡುವುದಕ್ಕೆ ಬೇರೆಯೇ ಹೆಸರಿದೆ. ಅಲ್ಲಿ ಉಪಚಾರದ ಗೊಡವೆ ಬೇಡ ಎಂದು ಶಾಸ್ತ್ರ ಹೇಳುತ್ತದೆ. ಅದೇ ಉಪಚಾರ ಎಂಬ ಪದ! ಮೇಲಿನವಳಿಗೆ ಬೇಕು, ನೀರು ಹೊರುವವಳಿಗೆ ಬೇಡ. 5ನೇ ಅಧಿಕರಣಕ್ಕೆ ಬಂದರೆ ಊರ ಮುಖ್ಯಸ್ಥನಿಗೆ ಹಳ್ಳಿಯ ಹೆಂಗಸರು ಬರೀ ಬಾಯಿಮಾತಿಗೆ ಸಿಗುತ್ತಾರೆ ಎನ್ನುವ ವಿವರ. ಯಾವಾಗ? ಅವರು ವಿಷ್ಟಿ ಕೆಲಸಕ್ಕೆ ಬಂದಾಗ, ಕಣಜ ತುಂಬುವಾಗ, ಹೊಲದ ಕೆಲಸ ಮಾಡುವಾಗ. ನಾವು ಬಿಟ್ಟಿ ಎನ್ನುವುದೂ ಈ ವಿಷ್ಟಿಯೇ.

ಗೆಳೆಯರೇ, ಹೆಣ್ಣಿನ ಉದ್ರೇಕಕ್ಕೂ ಜಾತಿ ಇದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಹೆಣ್ಣಿನ ಸುಖ ಒಂದೇ ಬಗೆಯದು ಎಂದು ಒಪ್ಪಿಕೊಂಡ ಶಾಸ್ತ್ರವೇ ದುಡಿಯುವ ಹೆಣ್ಣಿಗೆ ಅದನ್ನು ಕೊಡಬೇಕಾಗಿಲ್ಲ ಎಂದಿತು. ಗೊತ್ತಿಲ್ಲದೆ ಬಿಟ್ಟಿದ್ದಲ್ಲ, ಗೊತ್ತಿದ್ದೇ ಬಿಟ್ಟಿದ್ದು. ಹಾಗಿರುವಾಗ, ಇದು ಹೊಟ್ಟೆ ತುಂಬಿದವರ ಚಿಂತೆ ಎಂದು ನಾವೂ ಹೇಳಿದರೆ, ಶಾಸ್ತ್ರ ಗೆರೆ ಎಳೆದ ಜಾಗದಲ್ಲೇ ನಾವೂ ಗೆರೆ ಎಳೆದಂತೆ.

*

ಇನ್ನು ನಮ್ಮ ಕಾಲದ ಕೃತಿಗಳಿಗೆ ಬರೋಣ. ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರ ‘ಸಂಸ್ಕಾರ’ (1965) ಅಗ್ರಹಾರದ ಕೊಳೆಯನ್ನು ಅಂಗಳಕ್ಕೆ ತಂದು ಸುರಿದ ಕಾದಂಬರಿ. ಕಾಡಿನ ಕತ್ತಲಲ್ಲಿ ಪ್ರಾಣೇಶಾಚಾರ್ಯನಿಗೆ ಚಂದ್ರಿಯ ಮೈ ಸಿಗುತ್ತದೆ. ಅಲ್ಲಿಂದ ಮುಂದೆ ಕಾದಂಬರಿ ತುಂಬ ಆಚಾರ್ಯನ ಹೊಯ್ದಾಟ. ಚಂದ್ರಿಗೆ ಏನಾಯಿತು? ಇಂಥ ದೊಡ್ಡವರಿಂದ ಬಸಿರಾಗಬೇಕು ಎಂದು ತಾಯಿ ಹೇಳುತ್ತಿದ್ದ ಮಾತು ಅವಳಿಗೆ ನೆನಪಾಗುತ್ತದೆ. ಅಂದರೆ ಆ ರಾತ್ರಿ ಆಚಾರ್ಯನಿಗೆ ಸಿಕ್ಕಿದ್ದು ಅನುಭವ, ಚಂದ್ರಿಗೆ ಸಿಕ್ಕಿದ್ದು ಬೀಜ. ಮತ್ತೆ ಹೊಲವೇ.

ಬೆಳ್ಳಿಯ ಕಥೆ ಇನ್ನೂ ಕಷ್ಟ. ಅವಳು ನಮ್ಮ ಕೇರಿಯ ಹುಡುಗಿ. ಅಗ್ರಹಾರದ ಒಣಗಿದ ಹೆಂಗಸರ ಎದುರಿಗೆ ತುಂಬಿದ ಮೈಯವಳಾಗಿ ಅವಳನ್ನು ನಿಲ್ಲಿಸಲಾಗಿದೆ. ಶ್ರೀಪತಿಯ ಕಣ್ಣಿಗೆ ಅವಳು ಹಸಿರು, ನೀರು, ನಿಸರ್ಗ. ಬ್ರಾಹ್ಮಣ್ಯದ ಬರಗಾಲಕ್ಕೆ ಹೊಲೆಯರ ಹುಡುಗಿಯ ಮೈ ಮಳೆಯಾಗಬೇಕು! ಅವಳಿಗೆ ಅವನು ಬೇಕಾಗಿದ್ದನೇ, ಅವನ ಕೈ ಹಿತವಾಗಿತ್ತೇ, ಬೇಡ ಎನ್ನುವ ಶಕ್ತಿ ಅವಳಿಗಿತ್ತೇ ಎಂದು ಕಾದಂಬರಿ ಕೇಳುವುದಿಲ್ಲ. ದಲಿತ ಹೆಣ್ಣಿಗೆ ಕಾಮ ಎನ್ನುವುದು ಉಸಿರಾಟದಷ್ಟು ಸಲೀಸು ಎಂಬ ಈ ನಂಬಿಕೆ ಹೊಗಳಿಕೆಯ ವೇಷದಲ್ಲಿ ಬಂದ ಬೈಗುಳ. ಊರ ಗೌಡ ಕೇರಿಗೆ ನುಗ್ಗುವಾಗಲೂ ಇದೇ ನಂಬಿಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಾನೆ.

ನವ್ಯದವರ ಮಾತಾಯಿತು. ಜಾನಪದದಿಂದ ಬಂದವರು ಏನು ಮಾಡಿದರು? ಕಂಬಾರರ ‘ಜೋಕುಮಾರಸ್ವಾಮಿ’ (1972) ನಮ್ಮ ಮನಸ್ಸಿಗೆ ಹತ್ತಿರದ ನಾಟಕ. ಗೌಡ ಬಡವರ ಹೊಲ ನುಂಗುತ್ತಾನೆ, ಆದರೆ ಅವನಿಗೆ ಗಂಡಸುತನವಿಲ್ಲ. ಮಕ್ಕಳಿಲ್ಲದ ಗೌಡತಿ ಗಂಡನಿಗೆಂದು ಮಾಡಿದ ಜೋಕುಮಾರಸ್ವಾಮಿಯ ಪಲ್ಯ ಬಸಣ್ಣನ ಪಾಲಾಗುತ್ತದೆ. ಹೊಲ ಉಳುವವನು ಬಸಣ್ಣ, ಗೌಡತಿಗೆ ಫಲ ಕೊಡುವವನೂ ಬಸಣ್ಣ. ಗೌಡನ ಕಡೆಯವರು ಅವನನ್ನು ಕೊಲ್ಲುತ್ತಾರೆ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ಈ ನಾಟಕ ಅದಕ್ಕಿಂತ ಮುಂಚಿನದು. ಅದರ ಸಿಟ್ಟು ನಮ್ಮ ಸಿಟ್ಟು.

ನಮ್ಮ ಜಿಲ್ಲೆಯವರಿಗೆ ಆ ಸಿಟ್ಟು ವಿವರಿಸಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಉಳುವವನೇ ಹೊಲದೊಡೆಯ ಎಂಬ ಮಾತು ನಮ್ಮ ರಕ್ತದಲ್ಲಿದೆ. ಆದರೆ ಈ ಘೋಷಣೆಯನ್ನು ಹೊಲದಿಂದ ಎತ್ತಿ ಹಾಸಿಗೆಯ ಮೇಲೆ ಇಟ್ಟರೆ ಏನಾಗುತ್ತದೆ ನೋಡಿ. ಹೆಣ್ಣು ಹೊಲವಾದರೆ ಉಳುವವನು ಅವಳ ಒಡೆಯನಾಗುತ್ತಾನೆ! ಗೌಡನ ಕೈಯಿಂದ ಬಸಣ್ಣನ ಕೈಗೆ ಪಹಣಿ ಬದಲಾಯಿತು, ಅಷ್ಟೆ. ಗೌಡತಿಯ ಆಸೆಯನ್ನು ರಂಗದ ಮೇಲೆ ಬಾಯಿಬಿಟ್ಟು ಆಡಿಸಿದ ಧೈರ್ಯಕ್ಕೆ ಕಂಬಾರರನ್ನು ಮೆಚ್ಚಲೇಬೇಕು. ಆದರೆ ಆ ಆಸೆ ಮಗುವಿನ ಆಸೆಯಾಗಿಯೇ ಮರ್ಯಾದೆ ಪಡೆಯುತ್ತದೆ. ಮಗು ಬೇಡ, ಸುಖ ಬೇಕು ಎನ್ನುವ ಗೌಡತಿಯನ್ನು ನಾವು ಸಹಿಸುತ್ತಿದ್ದೆವೇ?

ಕಾರ್ನಾಡರ ‘ನಾಗಮಂಡಲ’ (1988) ಒಂದು ಹೆಜ್ಜೆ ಮುಂದೆ ಇಟ್ಟಿತು. ಅಪ್ಪಣ್ಣ ಹೆಂಡತಿ ರಾಣಿಯನ್ನು ಒಳಗೆ ಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ರಾತ್ರಿ ನಾಗ ಗಂಡನ ರೂಪದಲ್ಲಿ ಬರುತ್ತಾನೆ. ಅವನು ಮೊದಲು ಮಾತಾಡುತ್ತಾನೆ, ಅವಳ ಮಾತು ಕೇಳುತ್ತಾನೆ, ಹೆದರಿದ ಅವಳನ್ನು ಸಮಾಧಾನ ಮಾಡುತ್ತಾನೆ. ಮೈ ಅರಳುವುದಕ್ಕೆ ಮೊದಲು ಭಯ ಇಳಿಯಬೇಕು ಎನ್ನುವ ಸತ್ಯ ಈ ನಾಟಕಕ್ಕೆ ಗೊತ್ತಿದೆ. ಇದು ಹೇಗೆ ಗೊತ್ತಾಯಿತು? ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು ಇದರ ಬೇರು. ಇಂಥ ಕಥೆಗಳನ್ನು ಅಡುಗೆಮನೆಯಲ್ಲಿ ಮಕ್ಕಳಿಗೆ ಉಣಿಸುತ್ತಾ ಹೇಳುತ್ತಿದ್ದವರು ಹೆಂಗಸರು. ಹೆಂಗಸರಿಗೆ ಗೊತ್ತಿತ್ತು.

ಆದರೂ ರಾಣಿಗೆ ಸುಖ ಸಿಗಬೇಕಾದರೆ ಬಂದವನು ಗಂಡ ಎಂದು ಅವಳು ನಂಬಿರಬೇಕು. ರಾತ್ರಿ ಆದದ್ದನ್ನು ಹಗಲು ಕೇಳುವಂತಿಲ್ಲ. ಹಗಲು ಒಬ್ಬ ಗಂಡ, ರಾತ್ರಿ ಒಬ್ಬ ಗಂಡ, ನಡುವೆ ಬಾಯಿ ಮುಚ್ಚಿಕೊಂಡ ಹೆಂಡತಿ. ನಮ್ಮ ಎಷ್ಟೋ ಮನೆಗಳಲ್ಲಿ ನಾಗನೂ ಬರುವುದಿಲ್ಲ, ಬೀಗ ಮಾತ್ರ ಇರುತ್ತದೆ.

*

ಇಷ್ಟು ಕೃತಿಗಳನ್ನು ಬೈದು, ಮೈಯ ವಿಷಯ ಹೇಳದೆ ಹೋದರೆ ನಾನೂ ಅವರ ಸಾಲಿಗೇ ಸೇರುತ್ತೇನೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಸಂತಾನೋತ್ಪತ್ತಿಯ ಪಾಠ ಬಂದ ದಿನ “ಇದನ್ನ ಮನೇಲಿ ಓದ್ಕಳಿ” ಎಂದರು. ಮನೆಯಲ್ಲಿ ಓದಿದೆ. ಹೆಣ್ಣಿನ ಅಂಗಗಳ ಚಿತ್ರದಲ್ಲಿ ಅಂಡಾಶಯ, ಅಂಡನಾಳ, ಗರ್ಭಕೋಶ, ಯೋನಿ ಇದ್ದವು. ಮಗು ಆಗುವುದಕ್ಕೆ ಬೇಕಾದದ್ದೆಲ್ಲ ಇತ್ತು. ಸುಖದ ಅಂಗ ಇರಲಿಲ್ಲ. ಪಠ್ಯಪುಸ್ತಕವೂ ಹೊಲದ ನಕ್ಷೆಯನ್ನೇ ಬರೆದಿತ್ತು.

ಆ ಅಂಗಕ್ಕೆ ಡಾಕ್ಟರುಗಳು ಕ್ಲಿಟೊರಿಸ್ ಎನ್ನುತ್ತಾರೆ. ಪುಸ್ತಕದ ಮಾತಿನಲ್ಲಿ ಚಂದ್ರನಾಡಿ ಎನ್ನುವುದುಂಟು, ಭಗಾಂಕುರ ಎನ್ನುವುದುಂಟು. ಅಂಕುರ ಎಂದರೆ ಮೊಳಕೆ. ನೋಡಿ, ಇಲ್ಲಿಗೂ ಹೊಲ ಬಂತು! ಯೋನಿಯ ಒಳತುಟಿಗಳು ಮೇಲೆ ಕೂಡುವಲ್ಲಿ, ಮೂತ್ರದ್ವಾರಕ್ಕಿಂತ ಸ್ವಲ್ಪ ಮೇಲೆ ಅದರ ತುದಿ ಕಾಣುತ್ತದೆ. ಕಾಣುವುದು ತುದಿ ಮಾತ್ರ. ಉಳಿದದ್ದು ಒಳಗೆ ಎರಡು ಕಾಲುಗಳಾಗಿ, ಯೋನಿಯ ಎರಡು ಪಕ್ಕಕ್ಕೆ ಎರಡು ಗಡ್ಡೆಗಳಾಗಿ ಹರಡಿಕೊಂಡಿದೆ. ಆಸ್ಟ್ರೇಲಿಯಾದ ಶಸ್ತ್ರವೈದ್ಯೆ ಹೆಲೆನ್ ಓಕಾನೆಲ್ 1998ರಲ್ಲಿ ಇದರ ಪೂರ್ತಿ ರೂಪವನ್ನು ತೋರಿಸಿ, ವೈದ್ಯರ ಪುಸ್ತಕಗಳಲ್ಲೂ ಇದು ಸರಿಯಾಗಿಲ್ಲ ಎಂದು ಹೇಳಬೇಕಾಯಿತು. ಬಸಿರಿನೊಳಗೆ ಗಂಡಿನ ಶಿಶ್ನವೂ ಹೆಣ್ಣಿನ ಈ ಅಂಗವೂ ಬೆಳೆಯುವುದು ಒಂದೇ ಮೂಲದಿಂದ. 2022ರಲ್ಲಿ ಅಮೆರಿಕದಲ್ಲಿ ಎಣಿಸಿ ನೋಡಿದಾಗ ಇದಕ್ಕೆ ಬರುವ ನರದ ಎಳೆಗಳು 10,000ಕ್ಕೂ ಹೆಚ್ಚು ಸಿಕ್ಕವು. ಮೂತ್ರಕ್ಕೂ ಹೆರಿಗೆಗೂ ಇದರ ಅಗತ್ಯವಿಲ್ಲ. ಇದರ ಗೊತ್ತಿರುವ ಕೆಲಸ ಒಂದೇ, ಸುಖ. ಹೆಣ್ಣು ಹೊಲವಲ್ಲ ಎಂದು ಅವಳ ಮೈಯೇ ಸಾಕ್ಷಿ ಹೇಳುತ್ತಿದೆ.

ಉದ್ರೇಕವಾದಾಗ ಈ ಭಾಗಕ್ಕೆ ರಕ್ತ ನುಗ್ಗಿ ಅದು ಉಬ್ಬುತ್ತದೆ. ಯೋನಿಯ ಗೋಡೆಯಿಂದ ತೇವ ಒಸರುತ್ತದೆ. ಉಸಿರು, ಎದೆಬಡಿತ ಜೋರಾಗುತ್ತವೆ. ಹಿತವಾದ ಮುಟ್ಟುವಿಕೆ ಮುಂದುವರಿದರೆ ಬಿಗಿತ ಏರುತ್ತಾ ಹೋಗಿ, ಒಂದು ಹಂತದಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಮತ್ತೆ ಮತ್ತೆ ಬಿಗಿದು ಸಡಿಲವಾಗುತ್ತವೆ. ಆಮೇಲೆ ಮೈ ಹಗುರ. ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು 1966ರಲ್ಲೇ ಇದನ್ನು ಅಳೆದು ಬರೆದರು. ಇದು ಪ್ರತಿಸಲ ಆಗಲೇಬೇಕೆಂದಿಲ್ಲ, ಎಲ್ಲರಿಗೂ ಒಂದೇ ಥರ ಆಗುವುದೂ ಇಲ್ಲ. ಪಾಸು ಫೇಲಿನ ಪರೀಕ್ಷೆಯಂತೂ ಅಲ್ಲ.

ಫ್ರಾಯ್ಡ್ 1905ರಲ್ಲಿ, ಹುಡುಗಿ ಬೆಳೆದು ಹೆಂಗಸಾದ ಮೇಲೆ ಅವಳ ಸುಖ ಕ್ಲಿಟೊರಿಸ್ಸನ್ನು ಬಿಟ್ಟು ಯೋನಿಗೆ ಹೋಗಬೇಕು ಎಂದ. ಆ ಒಂದು ಮಾತಿನಿಂದ ಎಷ್ಟೋ ಹೆಂಗಸರು ತಮ್ಮಲ್ಲೇ ಏನೋ ಐಬಿದೆ ಎಂದುಕೊಂಡರು. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬರೀ ಸಂಭೋಗದಿಂದಲೇ ಸುಖದ ತುದಿ ಮುಟ್ಟಲು ಸಾಕು ಎಂದ ಹೆಂಗಸರು 100ಕ್ಕೆ ಸುಮಾರು 18. ನಮ್ಮ ಕಥೆ, ಸಿನಿಮಾ, ಗೋಡೆಬರಹಗಳ ಗಂಡಸು ‘ಉತ್ತು’ ಗೆಲ್ಲುವವನು. ಅವನ ನೇಗಿಲಿನ ಬಡಾಯಿಗೆ ಈ ಅಂಕಿ ಸಾಕು.

ಇನ್ನೂ ಒಂದು ವಿಷಯ. ಆಸೆ ಮೊದಲು, ಉದ್ರೇಕ ಆಮೇಲೆ ಎಂದೇ ನಾವು ತಿಳಿದಿದ್ದೇವೆ. ಎಷ್ಟೋ ಹೆಂಗಸರಲ್ಲಿ ಅದು ತಿರುವುಮುರುವು ಎಂದು ಕೆನಡಾದ ರೋಸ್‌ಮರಿ ಬ್ಯಾಸನ್ ಎಂಬ ವೈದ್ಯೆ 2000ದಲ್ಲಿ ತೋರಿಸಿದರು. ಮೊದಲು ನಂಬಿಕೆ, ಮಾತು, ಹಿತವಾದ ಸ್ಪರ್ಶ. ಮೈ ಎಚ್ಚರವಾದ ಮೇಲೆ ಆಸೆ. ತಾನಾಗಿ ಆಸೆ ತೋರಿಸದವಳನ್ನು ‘ತಣ್ಣಗಿನವಳು’ ಎನ್ನುತ್ತೇವೆ. ಬಾಯಿಬಿಟ್ಟು ಕೇಳಿದವಳನ್ನು ‘ಹಾದರಗಿತ್ತಿ’ ಎನ್ನುತ್ತೇವೆ. ಇವೆರಡರ ನಡುವೆ ಹೆಣ್ಣು ಎಲ್ಲಿ ನಿಲ್ಲಬೇಕು?

*

ಈಗ ಅಣ್ಣನ ಪ್ರಶ್ನೆಗೆ ಬರುತ್ತೇನೆ. ಹೊಟ್ಟೆಗಿಲ್ಲದವರಿಗೆ ಇದು ಯಾಕೆ?

ಕಾಮದ ಬಗ್ಗೆ ಅಧ್ಯಯನ ಮಾಡಿದವರು ಒಂದು ಹೋಲಿಕೆ ಕೊಡುತ್ತಾರೆ. ಬಸ್ಸಿಗೆ ಆಕ್ಸಿಲರೇಟರ್ ಇರುವ ಹಾಗೆ ಬ್ರೇಕೂ ಇದೆ. ಮೈಗೂ ಹಾಗೇ. ಬ್ರೇಕ್ ಒತ್ತಿಕೊಂಡೇ ಇದ್ದರೆ ಆಕ್ಸಿಲರೇಟರ್ ಎಷ್ಟು ತುಳಿದರೂ ಬಸ್ಸು ಮುಂದೆ ಹೋಗುವುದಿಲ್ಲ. ನಮ್ಮ ಹೆಂಗಸರ ಮೈಮೇಲಿನ ಬ್ರೇಕುಗಳನ್ನು ಎಣಿಸೋಣ ಬನ್ನಿ. ಭದ್ರಾವತಿಯಲ್ಲಿ ನಾನು ಬೆಳೆದ ಮನೆ ಒಂದೇ ಕೋಣೆಯದು. ನಡುವೆ ಅವ್ವನ ಹಳೆ ಸೀರೆಯ ಪರದೆ. ಪರದೆಯ ಈಚೆ ಅಜ್ಜಿ, ನಾನು, ತಮ್ಮ. ಬಾಗಿಲಿಗೆ ಚಿಲಕವಿಲ್ಲ. ಪೇಪರ್ ಮಿಲ್ಲು ನಿಂತಿತು, ಕಬ್ಬಿಣದ ಕಾರ್ಖಾನೆಯ ಗುತ್ತಿಗೆ ಕೆಲಸ ಇವತ್ತು ಉಂಟು ನಾಳೆ ಇಲ್ಲ. ಗಂಡಸರು ಬೀದಿಗೆ ಬಂದಾಗ ಹೆಂಗಸರು ಮಾಚೇನಹಳ್ಳಿ ಕಡೆಗೆ ಗಾರ್ಮೆಂಟ್ಸಿಗೆ ಬಸ್ಸು ಹತ್ತಿದರು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿದ ಬೆನ್ನು. ಸಂಘದ ಸಾಲದ ಕಂತಿನ ಚಿಂತೆ. ಕುಡಿದು ಬಂದವನ ಬಾಯಿನಾತ. ಹೊಡೆಯುತ್ತಾನೇನೋ ಎಂಬ ಅಂಜಿಕೆ. ಮತ್ತೆ ಬಸಿರಾದರೆ ಎಂಬ ಅಂಜಿಕೆ.

ಈ ಕೊನೆಯದಕ್ಕೆ ಸರ್ಕಾರ ದಾರಿ ಹುಡುಕಿತು, ನಿಜ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ 100ಕ್ಕೆ 50ಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಆಪರೇಷನ್ 100ಕ್ಕೆ ಒಂದೂ ಇಲ್ಲ. ಫಸಲು ಬೇಡವಾದರೂ ಕತ್ತರಿ ಬೀಳುವುದು ಹೊಲಕ್ಕೇ.

ಹೀಗೆ ನೋಡಿದರೆ ಹಸಿವು ಮತ್ತು ಸುಖ ಬೇರೆ ಬೇರೆ ಊರಿನವಲ್ಲ. ನಿವೇಶನ ಕೊಡಿ ಎಂದು ತಾಲ್ಲೂಕು ಕಚೇರಿ ಮುಂದೆ ಕೂರುತ್ತೇವಲ್ಲ, ಆ ಬೇಡಿಕೆಯೊಳಗೆ ಚಿಲಕವಿರುವ ಒಂದು ಕೋಣೆಯ ಬೇಡಿಕೆಯೂ ಇದೆ. ಕೂಲಿ ಹೆಚ್ಚಿಸಿ ಎಂಬ ಕೂಗಿನೊಳಗೆ ದಣಿಯದ ಒಂದು ರಾತ್ರಿಯ ಆಸೆಯೂ ಇದೆ. ಹೊಟ್ಟೆ ತುಂಬಿದವಳಿಗೆ ಈ ಬ್ರೇಕುಗಳಲ್ಲಿ ಅರ್ಧ ಇಲ್ಲ. ಹಾಗಾಗಿ ಇದು ಅವಳ ಪ್ರಶ್ನೆಯಾಗುವುದಕ್ಕಿಂತ ಮುಂಚೆ ನಮ್ಮ ಪ್ರಶ್ನೆ.

ಇದನ್ನು ತಿಳಿಯದಿದ್ದರೆ ಆಗುವ ಅಪಾಯವನ್ನೂ ಹೇಳಿಬಿಡುತ್ತೇನೆ. ಮೈ ತೇವವಾಗುವುದು ಒಪ್ಪಿಗೆಯ ಗುರುತಲ್ಲ. ಮನಸ್ಸು ಬೇಡ ಎನ್ನುವಾಗಲೂ, ಭಯದಲ್ಲೂ, ಮೈ ತನ್ನಷ್ಟಕ್ಕೆ ಹಾಗೆ ಮಾಡಬಹುದು. ಈರುಳ್ಳಿ ಹೆಚ್ಚುವಾಗ ಕಣ್ಣೀರು ಬಂದರೆ ದುಃಖ ಎನ್ನುತ್ತೇವೆಯೇ? ಅತ್ಯಾಚಾರಕ್ಕೆ ಸಿಕ್ಕ ಎಷ್ಟೋ ಹೆಣ್ಣುಮಕ್ಕಳು ‘ನನ್ನ ಮೈಯೇ ನನಗೆ ದ್ರೋಹ ಮಾಡಿತು’ ಎಂದು ಒಳಗೇ ಬೇಯುತ್ತಾರೆ. ಅವರಿಗೆ ಈ ಒಂದು ತಿಳಿವಳಿಕೆ ಜೀವ ಉಳಿಸಬಹುದು. ಹೆಣ್ಣಿನ ಮೈಯಲ್ಲಿ ಬೆರಳಿಟ್ಟು ನಡತೆ ಅಳೆಯುವ ಪರೀಕ್ಷೆಯನ್ನು ಸುಪ್ರೀಂ ಕೋರ್ಟು 2013ರಲ್ಲಿ ಖಂಡಿಸಿತು. 2022ರಲ್ಲಿ ಮತ್ತೆ ಖಂಡಿಸಿ ಅದನ್ನು ಮಾಡಲೇಬಾರದು ಎನ್ನಬೇಕಾಯಿತು. ಅದೇ 2022ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಗಂಡನಾದರೂ ಅತ್ಯಾಚಾರದ ಆರೋಪ ಎದುರಿಸಬೇಕು ಎಂದಿತು. ಆದರೆ 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಗಂಡನಿಗಿದ್ದ ಹಳೆಯ ವಿನಾಯಿತಿಯನ್ನು ಹಾಗೇ ಉಳಿಸಿಕೊಂಡಿತು. ಪಹಣಿ ಇನ್ನೂ ಅವನ ಹೆಸರಿನಲ್ಲೇ ಇದೆ.

*

ನಮಗೆ ದಾರಿ ತೋರಿದವರು ಇಲ್ಲವೆಂದಲ್ಲ. ಮುಂಬಯಿಯಲ್ಲಿ ರ.ಧೋ. ಕರ್ವೆ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಪತ್ರಿಕೆ ನಡೆಸುತ್ತಿದ್ದರು. ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ಅಶ್ಲೀಲ ಎಂದು ಅವರ ಮೇಲೆ ಮೊಕದ್ದಮೆ ಹಾಕಿದಾಗ, 1934ರಲ್ಲಿ ಅವರ ಪರವಾಗಿ ಕರಿಕೋಟು ಹಾಕಿ ನಿಂತ ವಕೀಲರು ಡಾ. ಬಿ.ಆರ್. ಅಂಬೇಡ್ಕರ್. ಕೇಸು ಸೋತರು, ಕರ್ವೆಗೆ ದಂಡ ಬಿತ್ತು. ಆದರೆ ಇದು ಹೊಟ್ಟೆ ತುಂಬಿದವರ ಚಿಂತೆ ಎಂದು ಬಾಬಾಸಾಹೇಬರು ಕೇಸು ವಾಪಸು ಕಳಿಸಲಿಲ್ಲ.

ಅದೇ 1934ರಲ್ಲಿ ನಮ್ಮ ತೀರ್ಥಹಳ್ಳಿಯಲ್ಲಿ ಹುಟ್ಟಿದವರು ಡಾ. ಅನುಪಮಾ ನಿರಂಜನ. ವೈದ್ಯೆಯಾಗಿ, ಲೇಖಕಿಯಾಗಿ ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’ ಬರೆದರು. ಹೆಂಗಸರ ಮೈಯ ಬಗ್ಗೆ ಹೆಂಗಸೊಬ್ಬಳು ಕನ್ನಡದಲ್ಲಿ ಬರೆಯುವುದೇ ಸಾಹಸವಾಗಿದ್ದ ಕಾಲ ಅದು. ಅವರ ಋಣ ನಮ್ಮ ಮೇಲಿದೆ. ಆ ಹೆಸರುಗಳನ್ನು ಮಾತ್ರ ಇನ್ನೊಮ್ಮೆ ಓದಿ. ದಾಂಪತ್ಯ, ವಧು, ಕಿವಿಮಾತು. ತಿಳಿವಳಿಕೆ ಮದುವೆಯ ಚಪ್ಪರದ ಕೆಳಗೇ ಬರಬೇಕಿತ್ತು, ಕಿವಿಯಲ್ಲೇ ಹೇಳಬೇಕಿತ್ತು. ಅವರು 1991ರಲ್ಲಿ ತೀರಿಕೊಂಡರು. ಆ ಕಿವಿಮಾತನ್ನು ಬಾಯಿಮಾತು ಮಾಡಬೇಕಾದವರು ನಾವು.

ಬಾಯಿಮಾತಿಗೆ ಕನ್ನಡದಲ್ಲಿ ಬಡತನವಿಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕ 12ನೇ ಶತಮಾನದಲ್ಲೇ ಮೈಯ ಬೇಗೆ, ಕಾಯುವಿಕೆ, ಕೂಡುವಿಕೆಗಳನ್ನು ಕನ್ನಡದಲ್ಲಿ ಹೇಳಿದಳು. ವಿಮರ್ಶಕರು ಅದೆಲ್ಲ ಭಕ್ತಿಯ ಸಂಕೇತ ಎಂದು ಬೇಗ ಬೇಗ ಸೆರಗು ಹೊದಿಸಿದರು. ಭಕ್ತಿ ಇರಲಿ, ಆದರೆ ಬೇಗೆ ಅರಿಯದವಳು ಆ ಸಂಕೇತವನ್ನು ಎಲ್ಲಿಂದ ತರುತ್ತಿದ್ದಳು? ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬಡ ಹೆಂಗಸರನ್ನು ದೇವರ ಹೆಸರಿನಲ್ಲಿ ಬೆತ್ತಲೆ ನಡೆಸುತ್ತಿದ್ದರು. 1986ರಲ್ಲಿ ಅದನ್ನು ತಡೆಯಲು ಹೋಗಿ ನಮ್ಮ ದಲಿತ ಸಂಘರ್ಷ ಸಮಿತಿಯವರು ಏಟು ತಿಂದರು. ತಾನಾಗಿ ಉಡುಗೆ ಬಿಟ್ಟ ಹೆಣ್ಣೂ, ಉಡುಗೆ ಕಳಚಿಸಿಕೊಂಡ ಹೆಣ್ಣೂ ಒಂದೇ ಜಿಲ್ಲೆಯವರು. ಮೈಯ ಮೇಲೆ ಅಧಿಕಾರ ಯಾರದ್ದು ಎನ್ನುವುದರಲ್ಲೇ ಅವರ ನಡುವಿನ ಅಂತರವಿದೆ. ಚಂದ್ರಗುತ್ತಿಯಲ್ಲಿ ಆ ಪ್ರಶ್ನೆ ಕೇಳಿದ ಸಂಘಟನೆ ಮನೆಯೊಳಗೂ ಅದನ್ನು ಕೇಳಬೇಕು.

ನಮ್ಮ ಬಂಡಾಯದ ಕಾವ್ಯದಲ್ಲಿ ಹೆಣ್ಣು ಹಸಿದಿದ್ದಾಳೆ, ದುಡಿದಿದ್ದಾಳೆ, ಅತ್ಯಾಚಾರಕ್ಕೆ ಸಿಕ್ಕಿದ್ದಾಳೆ. ಇದೆಲ್ಲ ನಿಜ, ಬರೆಯಲೇಬೇಕು. ಆದರೆ ನಕ್ಕಿದ್ದಾಳೆಯೇ? ತನ್ನ ಮೈ ತನಗೆ ಹಿತ ಎಂದಿದ್ದಾಳೆಯೇ? ನೋವು ಮಾತ್ರ ಉಳ್ಳ ಮೈಯನ್ನು ಬರೆದು ಬರೆದು, ಅದಕ್ಕೆ ಸುಖವೂ ಗೊತ್ತು ಎನ್ನುವುದನ್ನು ನಾವೇ ಮರೆತಿದ್ದೇವೆ. ಶಿವಮೊಗ್ಗದ ಶಾಲೆಯಲ್ಲಿ ಕನ್ನಡ ಕಲಿತ ಬಾನು ಮುಷ್ತಾಕ್ ಬಂಡಾಯದೊಳಗಿಂದಲೇ ಬಂದು, ಒಮ್ಮೆ ಹೆಣ್ಣಾಗಿ ನೋಡು ಎಂದು ದೇವರನ್ನೇ ಕೇಳಿದರು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಪಟಾಕಿ ಹೊಡೆದೆವು. ದೇವರನ್ನು ಕೇಳಿದ್ದಾಯಿತು, ಈಗ ಸಂಗಾತಿಗಳನ್ನು ಕೇಳುತ್ತಿದ್ದೇನೆ.

ಹಳ್ಳಿಯ ಮೇಷ್ಟ್ರುಗಳೇ, ಆ ಪಾಠವನ್ನು ಮನೆಯಲ್ಲಿ ಓದಿಕೊಳ್ಳಿ ಎನ್ನಬೇಡಿ. ಚಿತ್ರದಲ್ಲಿ ಬಿಟ್ಟುಹೋದದ್ದನ್ನು ಹೆಸರು ಹಿಡಿದು ಹೇಳಿ. ನಮ್ಮ ಅಧ್ಯಯನ ಶಿಬಿರಗಳಲ್ಲಿ ಬಂಡವಾಳ, ಜಾತಿ, ಭೂಮಿಯ ಜೊತೆ ಮೈಯ ಪಾಠಕ್ಕೂ ಒಂದು ಮಧ್ಯಾಹ್ನ ಇಡಿ. ಗಂಡಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಕವಿಗಳೇ, ‘ಹೊಲ’ ಎಂದು ಬರೆಯುವ ಮುಂಚೆ ಒಂದು ಗಳಿಗೆ ಪೆನ್ನು ನಿಲ್ಲಿಸಿ.

ಕವಿಗೋಷ್ಠಿಯ ರಾತ್ರಿ ಮನೆ ತಲುಪಿದಾಗ ಅವ್ವ ಎಚ್ಚರವಿದ್ದಳು. ಭದ್ರಾ ಕಾಲುವೆ ಬಯಲಿನ ಗದ್ದೆಗಳಲ್ಲಿ ನಾಟಿ ಮಾಡಿ ನಮ್ಮನ್ನು ಸಾಕಿದವಳು. ನಾಟಿ ಗದ್ದೆಯಲ್ಲಿ ಹೆಂಗಸರು ಗಂಡಂದಿರನ್ನು ಆಡಿಕೊಂಡು ನಗುವ ಪೋಲಿ ಮಾತುಗಳನ್ನು ನಾನು ಚಿಕ್ಕಂದಿನಲ್ಲಿ ಬದುವಿನ ಮೇಲೆ ಕೂತು ಕೇಳಿದ್ದೆ. ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಅವತ್ತು ಧೈರ್ಯ ಮಾಡಿ ಕೇಳಿದೆ, “ಅವ್ವ, ನಿಂಗೆ ಯಾವತ್ತಾದ್ರೂ ಸುಖ ಅನ್ಸಿತ್ತಾ?” ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ನಿಮ್ಮಪ್ಪ ಒಂದಿನಾನೂ ಈ ಮಾತ ಕೇಳ್ಲಿಲ್ಲ ಕಣೇ. ನೀನೇ ಮೊದ್ಲು ಕೇಳಿದ್ದು” ಎಂದಳು.

ಅಣ್ಣಾ, ನನ್ನವ್ವನಿಗೆ ಹೊಟ್ಟೆ ತುಂಬಿದ ದಿನಗಳು ಕಡಿಮೆ. ಆದರೂ ಅವಳಿಗೆ ಈ ಪ್ರಶ್ನೆ ಅರ್ಥವಾಯಿತು. ನೀವೂ ಮನೆಗೆ ಹೋಗಿ ಅತ್ತಿಗೆಯನ್ನು ಒಂದು ಸಲ ಕೇಳಿ ನೋಡಿ. ಅವರ ಉತ್ತರ ಏನೇ ಇರಲಿ, ಮುಂದಿನ ಗೋಷ್ಠಿಯಲ್ಲಿ ನಾನು ಮತ್ತೆ ಅದೇ ಕವಿತೆ ಓದುತ್ತೇನೆ.